ಜನ ಹೇಳಿದ ಮಾತು ವರದಿಯೊಳಗೆ ಏನಾಗುತ್ತದೆ?

2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಜನರ ಅಭಿಪ್ರಾಯ ಕೇಳಿದ್ದೇವೆ, ಶೇ 73ರಷ್ಟು ಮಂದಿ ಒಪ್ಪಿದ್ದಾರೆ ಎಂದಿತ್ತು. ಅಭಿಪ್ರಾಯ ಕಳಿಸಿದವರು ಒಟ್ಟು 299 ಮಂದಿ. ಯೋಜನೆಯ ವೆಚ್ಚ ಸುಮಾರು 1,800 ಕೋಟಿ ರೂಪಾಯಿ, ಬಲಿಯಾಗಬೇಕಿದ್ದ ಮರಗಳು 800ಕ್ಕೂ ಹೆಚ್ಚು. ಅಕ್ಟೋಬರ್ 16ರಂದು ಇದನ್ನು ವಿರೋಧಿಸಿ ಸಾವಿರಾರು ಜನ ಕೈಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಯಾರನ್ನು ಕೇಳಿದಿರಿ, ಎಷ್ಟು ಮಂದಿಯನ್ನು ಕೇಳಿದಿರಿ, ಬೇಡ ಎಂದವರು ಕೊಟ್ಟ ಕಾರಣವೇನು? ಇವಕ್ಕೆ ಉತ್ತರವಿಲ್ಲದಿದ್ದರೆ ಶೇ 73 ಎಂಬುದು ಬರೀ ಅಂಕಿ. ನನಗೆ ನೋವಾಗುವುದು ಬೇರೆ ಕಾರಣಕ್ಕೆ: ಈ ಕೆಲಸವನ್ನು ಹೇಗೆ ಮಾಡಬೇಕೆಂದು ಜಗತ್ತಿಗೆ ತೋರಿಸಿಕೊಟ್ಟಿದ್ದೇ ಬೆಂಗಳೂರು.

1993ರಲ್ಲಿ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ಸಂಗಡಿಗರು ಇಲ್ಲಿ ಮನೆಮನೆಗೆ ಸಮೀಕ್ಷಕರನ್ನು ಕಳಿಸಿದರು. ಮಧ್ಯಮ ವರ್ಗದ ಮನೆಗಳನ್ನೂ ಕೊಳೆಗೇರಿಗಳನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿದರು. 'ಸರ್ಕಾರ ಹೇಗಿದೆ' ಎಂಬ ಸಡಿಲ ಪ್ರಶ್ನೆ ಅಲ್ಲಿರಲಿಲ್ಲ. ಯಾವ ಕಚೇರಿಗೆ ಹೋಗಿದ್ದಿರಿ, ಕೆಲಸ ಆಯಿತೇ, ಲಂಚ ಕೊಟ್ಟಿರಾ ಎಂದು ಕೇಳಿದರು. 1994ರಲ್ಲಿ ಬಂದ ಫಲಿತಾಂಶಕ್ಕೆ ಅವರು ಕೊಟ್ಟ ರೂಪ ಶಾಲೆಯ ಅಂಕಪಟ್ಟಿಯದು. ನೀರು, ವಿದ್ಯುತ್, ದೂರವಾಣಿ, ಪಾಲಿಕೆ, ಹೀಗೆ ಒಂದೊಂದು ಇಲಾಖೆಯ ಹೆಸರಿನ ಮುಂದೆಯೂ ಜನ ಕೊಟ್ಟ ಅಂಕ. ಬಿಡಿಎ ಬಗ್ಗೆ ತೃಪ್ತಿ ಇದ್ದವರು ಶೇ 1 ಮಾತ್ರ. ಕೊಳೆಗೇರಿಗಳಲ್ಲಿ ಮೂವರಲ್ಲಿ ಒಬ್ಬರು ಲಂಚ ಕೊಟ್ಟಿದ್ದರು.

ಅಂಕಪಟ್ಟಿಯನ್ನು ಓದಲು ಯಾರಿಗೂ ತರಬೇತಿ ಬೇಡ, ಅದರ ಬಲವೇ ಅದು. ಪತ್ರಿಕೆಗಳು ಅದನ್ನು ಹಾಗೆಯೇ ಅಚ್ಚು ಹಾಕಿದವು. ಕಡಿಮೆ ಅಂಕ ಪಡೆದ ಬಿಡಿಎಯೇ ಸುಧಾರಣೆಗೆ ಮೊದಲು ಸಲಹೆ ಕೇಳಿತು ಎಂಬುದನ್ನು ಮರೆಯಬಾರದು. ಪಾಲ್ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ 1999ರಲ್ಲಿ ಮತ್ತೆ ಅಳೆದಾಗ ಸುಧಾರಣೆ ಅಲ್ಪ, ಲಂಚವೂ ತಗ್ಗಿರಲಿಲ್ಲ. ಅದೇ ವರ್ಷ ಎಸ್.ಎಂ. ಕೃಷ್ಣ ಸರ್ಕಾರ ನಗರದ ಸುಧಾರಣೆಗೆ ನಂದನ್ ನಿಲೇಕಣಿ ನೇತೃತ್ವದಲ್ಲಿ ಕಾರ್ಯಪಡೆ ರಚಿಸಿತು. 2003ರ ಮೂರನೇ ಪಟ್ಟಿಯಲ್ಲಿ ಬಹುತೇಕ ಇಲಾಖೆಗಳ ಅಂಕ ಗಣನೀಯವಾಗಿ ಏರಿತ್ತು. ಒಂದೇ ಸಮೀಕ್ಷೆ ಮಾಡಿ ಬಿಟ್ಟಿದ್ದರೆ ಈ ಏರಿಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಂಕಿಗೆ ಸಿಗದ ಮಾತೂ ಇರುತ್ತದೆ. ಕುಲಾಂತರಿ ತಳಿಯಾದ ಬಿಟಿ ಬದನೆ ಬಗ್ಗೆ 2010ರಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಭೆ ನಡೆಸಿದರು. ಕೊನೆಯದು ಫೆಬ್ರುವರಿ 6ರಂದು, ಬೆಂಗಳೂರಿನಲ್ಲಿ. ಮೂರೇ ದಿನಕ್ಕೆ ಆ ಬದನೆಗೆ ಸಚಿವರಿಂದಲೇ ತಡೆ ಬಂತು. ಅದರ ಜೊತೆ ಸಚಿವರ ಕಾರಣಗಳೂ, ರಾಜ್ಯಗಳೂ ವಿಜ್ಞಾನಿಗಳೂ ಬರೆದ ಪತ್ರಗಳೂ ಪ್ರಕಟವಾದವು. ತೀರ್ಮಾನ ಒಪ್ಪದವರಿಗೂ ಅದರ ಬುಡ ಎಲ್ಲಿದೆ ಎಂದು ಹುಡುಕಲು ದಾರಿಯಿತ್ತು.

ಗಣಿ, ಅಣೆಕಟ್ಟೆಗಳಂಥ ಯೋಜನೆಗಳ ಅಹವಾಲು ಸಭೆಗೆ 2006ರ ಪರಿಸರ ಅಧಿಸೂಚನೆ ಇನ್ನೊಂದು ನಿಯಮ ಹಾಕಿದೆ. ಸಭೆ ಮುಗಿಯುವ ಮೊದಲು ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಅಲ್ಲೇ ಓದಿ ಹೇಳಬೇಕು. ಜನ ಎತ್ತಿದ ಪ್ರಶ್ನೆಗಳ ಪಟ್ಟಿಯೂ ಸ್ಥಳೀಯ ಭಾಷೆಯಲ್ಲಿರಬೇಕು, ಪಂಚಾಯಿತಿ ಕಚೇರಿಯಲ್ಲಿ ನೋಡಲು ಸಿಗಬೇಕು. ನಿಮ್ಮೂರಲ್ಲಿ ಇಂಥ ಸಭೆ ನಡೆದರೆ, ಆ ಓದು ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ನೀವು ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಅಲ್ಲೇ ಕೈ ಎತ್ತಿ.