ಪೊರೆಯೊಳಗೆ ತಿರುಗುವ ಚಕ್ರ: ಎಟಿಪಿ ಸಿಂಥೇಸ್ ಅರ್ಥವಾದ ಬಗೆ

ಕಾಸರಗೋಡಿನ ಬಾಯಾರು, ಪಡ್ರೆ ಕಡೆಯ ಗುಡ್ಡದ ತೋಟಗಳಲ್ಲಿ ಸುರಂಗದ ನೀರನ್ನು ಮೇಲಿನ ಕೆರೆಯಲ್ಲಿ ತುಂಬಿಸಿ, ಪೈಪಿನ ಮೂಲಕ ಕೆಳಗಿನ ಅಡಿಕೆ ತೋಟಕ್ಕೆ ಬಿಟ್ಟರೆ, ಪಂಪಿನ ಹಂಗಿಲ್ಲದೆ ಸ್ಪ್ರಿಂಕ್ಲರ್ ತಿರುಗುತ್ತದೆ. ಕೆರೆಗೂ ತೋಟಕ್ಕೂ ನಡುವಿನ ಎತ್ತರದ ವ್ಯತ್ಯಾಸವೇ ಅದಕ್ಕೆ ಬೇಕಾದ ಬಲ. ನಾವು ಉಂಡ ಅನ್ನದ ಶಕ್ತಿ ಜೀವಕೋಶಕ್ಕೆ ದಕ್ಕುವುದೂ ಬಹುಪಾಲು ಇಂಥದೇ ಉಪಾಯದಿಂದ ಎಂಬುದನ್ನು ವಿಜ್ಞಾನಲೋಕ ಒಪ್ಪಿಕೊಳ್ಳಲು ದಶಕವೇ ಹಿಡಿಯಿತು.

ಜೀವಕೋಶ ತನ್ನ ಕೆಲಸಗಳಿಗೆ ಖರ್ಚು ಮಾಡುವ ಶಕ್ತಿಯ ನಾಣ್ಯದಂತಿರುವ ಎಟಿಪಿ ಎಂಬ ಅಣುವನ್ನು 1929ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಲೋಮಾನ್, ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆ ಮತ್ತು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಗುರುತಿಸಿದರು. ಇದರ ಹೆಚ್ಚಿನ ಪಾಲು ಜೀವಕೋಶದೊಳಗಿನ ಪುಟ್ಟ ಅಂಗಕವಾದ ಮೈಟೊಕಾಂಡ್ರಿಯದಲ್ಲಿ ತಯಾರಾಗುತ್ತದೆ ಎಂಬುದಕ್ಕೆ 1948ರಲ್ಲಿ ಕೆನೆಡಿ ಮತ್ತು ಲೆನಿಂಜರ್ ದಾರಿ ತೋರಿಸಿದರು. 1960ರ ಹೊತ್ತಿಗೆ ಎಫ್ರೇಮ್ ರ‍್ಯಾಕರ್ ಅವರ ತಂಡ ಆ ಕೆಲಸ ಮಾಡುವ ಎಟಿಪಿ ಸಿಂಥೇಸ್ ಎಂಬ ಕಿಣ್ವದ ಗುಂಡನೆಯ ಭಾಗವನ್ನು ದನದ ಹೃದಯದಿಂದ ಬೇರ್ಪಡಿಸಿತು. ಆದರೆ ಆಹಾರ ಉರಿಯುವುದಕ್ಕೂ ಎಟಿಪಿ ಹುಟ್ಟುವುದಕ್ಕೂ ನಡುವಿನ ಕೊಂಡಿ ಯಾವುದು? ಶಕ್ತಿಯನ್ನು ಹೊತ್ತು ಸಾಗಿಸುವ ಮಧ್ಯವರ್ತಿ ರಾಸಾಯನಿಕವೊಂದು ಇರಲೇಬೇಕೆಂದು ನಂಬಿದ ಹಲವು ಪ್ರಯೋಗಾಲಯಗಳು ಅದನ್ನು ವರ್ಷಗಟ್ಟಲೆ ಹುಡುಕಿದವು. ಸಿಗಲಿಲ್ಲ.

1961ರಲ್ಲಿ ಬ್ರಿಟನ್ನಿನ ಜೀವರಸಾಯನ ವಿಜ್ಞಾನಿ ಪೀಟರ್ ಮಿಚೆಲ್ ಅಂಥ ಮಧ್ಯವರ್ತಿಯೇ ಬೇಡವೆಂದರು. ಉಸಿರಾಟದ ಕಿಣ್ವಗಳು ಪ್ರೋಟಾನುಗಳನ್ನು, ಅಂದರೆ ಧನ ವಿದ್ಯುದಾವೇಶದ ಹೈಡ್ರೋಜನ್ ಕಣಗಳನ್ನು, ಮೈಟೊಕಾಂಡ್ರಿಯದ ಒಳಪೊರೆಯ ಆಚೆಗೆ ದಾಟಿಸುತ್ತವೆ, ಅವು ಎಟಿಪಿ ಸಿಂಥೇಸ್ ಮೂಲಕ ಮರಳಿ ಬರುವ ಒತ್ತಡದಿಂದಲೇ ಎಟಿಪಿ ಆಗುತ್ತದೆ ಎಂಬುದು ಅವರ ವಾದ. ಸುರಂಗದ ನೀರು ತಾನಾಗಿ ಕೆರೆಗೆ ಇಳಿಯುತ್ತದೆ. ಜೀವಕೋಶವಾದರೋ ಅನ್ನವನ್ನು ಉರಿಸಿಯೇ ತನ್ನ ಕೆರೆಯನ್ನು ತುಂಬಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ. ಹಾಗಾಗಿ ಪೊರೆ ಸೋರಬಾರದು. 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಮಾರಿದ ಡೈನೈಟ್ರೊಫಿನಾಲ್ ನುಂಗಿ ಮೈ ಕಾದು ಜನ ಸತ್ತದ್ದೇಕೆ ಎಂಬುದಕ್ಕೂ ಇಲ್ಲಿ ಉತ್ತರವಿತ್ತು: ಅದು ಪ್ರೋಟಾನುಗಳನ್ನು ಕಿಣ್ವದ ದಾರಿ ತಪ್ಪಿಸಿ ಪೊರೆಯ ಮೂಲಕ ಸೋರಿಸುತ್ತದೆ, ಕಟ್ಟೆ ಬಿರುಕುಬಿಟ್ಟ ಕೆರೆಯಂತೆ ಶಕ್ತಿಯೆಲ್ಲ ಕೆಲಸಕ್ಕೆ ಬಾರದೆ ಶಾಖವಾಗಿ ಹೋಗುತ್ತದೆ.

ಅನಾರೋಗ್ಯದಿಂದ ಎಡಿನ್‌ಬರೊ ವಿಶ್ವವಿದ್ಯಾಲಯವನ್ನು ಬಿಟ್ಟ ಮಿಚೆಲ್, ಕಾರ್ನ್‌ವಾಲ್‌ನ ಹಳ್ಳಿಗಾಡಿನ ಹಳೆಯ ಬಂಗಲೆಯೊಂದನ್ನು ದುರಸ್ತಿ ಮಾಡಿ, ಜೆನಿಫರ್ ಮೊಯ್ಲ್ ಅವರೊಂದಿಗೆ ಅಲ್ಲೇ ಪ್ರಯೋಗ ಮುಂದುವರಿಸಿದರು. ದೊಡ್ಡ ಸಂಸ್ಥೆಗಳ ಅಸಮ್ಮತಿಯ ನಡುವೆ ಅವರು ತೋರಿದ ತಾಳ್ಮೆ ನನಗೆ ಈ ಚರಿತ್ರೆಯ ಅತ್ಯಂತ ಪ್ರಿಯವಾದ ಭಾಗ. 1966ರಲ್ಲಿ ಜಾಗೆಂಡಾರ್ಫ್ ಮತ್ತು ಉರಿಬೆ, ಬೆಳಕಿನಿಂದ ಎಟಿಪಿ ಮಾಡುವ, ಪಾಲಕ್ ಎಲೆಯ ಹರಿತ್ತಿನ ಪೊರೆಗಳನ್ನು ಆಮ್ಲದಲ್ಲಿ ನೆನೆಸಿ ಕ್ಷಾರದ್ರಾವಣಕ್ಕೆ ಹಾಕಿದಾಗ ಕತ್ತಲಲ್ಲೇ ಎಟಿಪಿ ಹುಟ್ಟಿತು. ಬೆಳಕೂ ಬೇಕಾಗಲಿಲ್ಲ, ಪೊರೆಯ ಎರಡು ಬದಿಗಳ ವ್ಯತ್ಯಾಸ ಸಾಕಾಯಿತು. 1974ರಲ್ಲಿ ರ‍್ಯಾಕರ್ ಮತ್ತು ಸ್ಟೋಕೆನಿಯಸ್, ಬೆಳಕು ಬಿದ್ದರೆ ಪ್ರೋಟಾನ್ ದಾಟಿಸುವ ಸೂಕ್ಷ್ಮಜೀವಿಯೊಂದರ ಪ್ರೋಟೀನನ್ನೂ ದನದ ಹೃದಯದ ಕಿಣ್ವವನ್ನೂ ಒಂದೇ ಕೃತಕ ಪೊರೆಯಲ್ಲಿ ಕೂಡಿಸಿ ಎಟಿಪಿ ಪಡೆದರು. ಮಿಚೆಲ್ 1978ರ ನೊಬೆಲ್ ಪಡೆದರು.

ಕಿಣ್ವ ಹೇಗೆ ದುಡಿಯುತ್ತದೆ ಎಂಬುದು ಇನ್ನೂ ಉಳಿದಿತ್ತು. ಮರಳಿ ಹರಿಯುವ ಪ್ರೋಟಾನುಗಳಿಂದ ಅದರ ನಡುವಿನ ದಂಡ ಚಕ್ರದಂತೆ ತಿರುಗುತ್ತದೆ, ಅದರೊಂದಿಗೆ ಎಟಿಪಿ ಕಟ್ಟುವ ಮೂರು ಕೋಣೆಗಳು ಸರದಿಯಲ್ಲಿ ರೂಪ ಬದಲಿಸುತ್ತವೆ ಎಂದು ಪಾಲ್ ಬೋಯರ್ ಊಹಿಸಿದ್ದರು. 1994ರಲ್ಲಿ ಜಾನ್ ವಾಕರ್ ಅವರ ತಂಡ ಬಿಡಿಸಿದ ರಚನೆ ಅದಕ್ಕೆ ಹೊಂದಿತು. 1997ರಲ್ಲಿ ಜಪಾನಿನ ಸಂಶೋಧಕರು ದಂಡಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಅದು ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಒಂದು ಸುತ್ತಿಗೆ ಮೂರು ಎಟಿಪಿ. ಹೀಗೆ ದಿನವೊಂದಕ್ಕೆ ನಮ್ಮ ದೇಹ ಹೆಚ್ಚುಕಡಿಮೆ ತನ್ನ ತೂಕದಷ್ಟೇ ಎಟಿಪಿಯನ್ನು ಮತ್ತೆ ಮತ್ತೆ ಕಟ್ಟಿ ಖರ್ಚು ಮಾಡುತ್ತದೆ.

ಕ್ಷಯದ ಬ್ಯಾಕ್ಟೀರಿಯಾದ ಪೊರೆಯಲ್ಲೂ ಇದೇ ಬಗೆಯ ಚಕ್ರವಿದೆ. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು, 2016ರಿಂದ ಭಾರತದ ಕ್ಷಯ ನಿಯಂತ್ರಣ ಕಾರ್ಯಕ್ರಮದಲ್ಲೂ ದೊರೆಯತೊಡಗಿದ ಬೆಡಾಕ್ವಿಲಿನ್ ಮಾತ್ರೆ, ಬೇರೆ ಔಷಧಗಳಿಗೆ ಜಗ್ಗದ ಆ ರೋಗಾಣುವಿನ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಮನುಷ್ಯನ ಚಕ್ರಕ್ಕೆ ಅದರ ಹಿಡಿತ ಬಹಳ ಸಡಿಲ.