ಅಶೋಕವಲ್ಲದ ಅಶೋಕ

ಕಾಂಪೌಂಡಿನ ಉದ್ದಕ್ಕೂ ನೆಟ್ಟಗೆ ನಿಂತಿರುವ ಮರ. ಉದ್ದ ಎಲೆ, ಅಲೆಅಲೆಯಾದ ಅಂಚು. ಯಾರನ್ನು ಕೇಳಿದರೂ ‘ಅಶೋಕ’ ಅನ್ನುತ್ತಾರೆ. ಅಲ್ಲ, ಅದು ಅಶೋಕ ಅಲ್ಲವೇ ಅಲ್ಲ! ಕನ್ನಡದಲ್ಲಿ ಅದಕ್ಕೆ ‘ಕಂಬದ ಮರ’ ಎಂಬ ಚೆಂದದ ಹೆಸರೇ ಇದೆ. ವಿಜ್ಞಾನದ ಹೆಸರು ಮೊನೂನ್ ಲಾಂಗಿಫೋಲಿಯಂ. 2012ರವರೆಗೆ ಪಾಲಿಯಾಲ್ತಿಯಾ ಎಂದಿತ್ತು. ನಿಜವಾದ ಅಶೋಕ, ಸರಾಕ ಅಸೋಕ, ಬೇರೆಯೇ ಮರ.

ಮರಗಳ ನಂಟು ತಿಳಿಯಲು ಎತ್ತರ ನೋಡಬಾರದು, ಹೂವು ನೋಡಬೇಕು. ಎತ್ತರ, ಆಕಾರ ತೊಟ್ಟ ಬಟ್ಟೆಯ ಹಾಗೆ, ಬಿಸಿಲು ನೀರಿಗೆ ತಕ್ಕಂತೆ ಬದಲಾಗುತ್ತವೆ. ಹೂವಿನ ಕಟ್ಟು ಅಜ್ಜನಿಂದ ಬಂದ ಮೂಗಿನ ಹಾಗೆ. ಮನೆಯ ಬಣ್ಣ ಬದಲಿಸಬಹುದು, ತಳಪಾಯ ಅಷ್ಟು ಸುಲಭಕ್ಕೆ ಬದಲಾಗದು, ಅಲ್ವಾ?

ಕಂಬದ ಮರದ ಹೂವು ಹಸಿರು ನಕ್ಷತ್ರ. ಮೂರು ಮೂರರಂತೆ ಎರಡು ಸುತ್ತು, ಒಟ್ಟು ಆರು ಎಸಳು. ನಡುವೆ ಬಿಡಿಬಿಡಿಯಾದ ಹಲವು ಪುಟ್ಟ ಅಂಡಾಶಯಗಳು. ಒಂದೊಂದೂ ಬೇರೆ ಹಣ್ಣಾಗುತ್ತದೆ, ಹಾಗಾಗಿ ಒಂದೇ ಹೂವಿನಿಂದ ಒಂದು ಗೊಂಚಲು. ಸೀತಾಫಲದಲ್ಲೂ ಹೀಗೇ. ಅಲ್ಲಿ ಆ ಬಿಡಿ ಅಂಡಾಶಯಗಳು ಬೆಳೆಯುತ್ತಾ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಿಪ್ಪೆಯ ಮೇಲಿನ ಒಂದೊಂದು ಕಣ್ಣೂ ಒಂದೊಂದು ಅಂಡಾಶಯದ ಗುರುತು! ಎರಡೂ ಅನೋನೇಸಿ ಕುಟುಂಬದವು.

ಅಶೋಕದ ಹೂವಿಗೆ ಎಸಳೇ ಇಲ್ಲ. ನಾವು ಎಸಳೆಂದು ತಿಳಿಯುವುದು ಬಣ್ಣ ತಳೆದ ನಾಲ್ಕು ಪುಷ್ಪಪತ್ರಗಳನ್ನು, ಅಂದರೆ ಸಾಮಾನ್ಯವಾಗಿ ಹಸಿರಾಗಿದ್ದು ಮೊಗ್ಗನ್ನು ಮುಚ್ಚುವ ಹೊರಸುತ್ತನ್ನು. ಹಳದಿಯಾಗಿ ಅರಳಿ, ಕಿತ್ತಳೆಯಾಗಿ, ಕೆಂಪಾಗುತ್ತವೆ. ಉದ್ದನೆಯ ಕೇಸರಗಳು ಹೊರಚಾಚಿರುತ್ತವೆ. ಅಂಡಾಶಯ ಒಂದೇ, ಅದು ಚಪ್ಪಟೆ ಕೋಡಾಗುತ್ತದೆ. ಅಂದರೆ ಇದು ಅವರೆ, ತೊಗರಿಗಳ ಕುಟುಂಬ. ಅದರಲ್ಲೂ ಹುಣಸೆಯ ಹತ್ತಿರದ ನಂಟ. ಈ ಎರಡು ಕುಟುಂಬಗಳ ದಾರಿ ಕವಲೊಡೆದು 10 ಕೋಟಿ ವರ್ಷಕ್ಕೂ ಜಾಸ್ತಿಯಾಗಿದೆ.

ಹೆಸರಿನ ಕತೆ ಇಷ್ಟಕ್ಕೇ ಮುಗಿಯುವುದಿಲ್ಲ. 1784ರಲ್ಲಿ ಕಲ್ಕತ್ತೆಯಲ್ಲಿ ಏಷಿಯಾಟಿಕ್ ಸೊಸೈಟಿ ಸ್ಥಾಪಿಸಿದ ವಿಲಿಯಂ ಜೋನ್ಸ್ ನೆನಪಿಗೆ ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಅಶೋಕವನ್ನು ‘ಜೋನೇಸಿಯ’ ಎಂದು ಕರೆದ. ಆದರೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1767ರಲ್ಲೇ ‘ಸರಾಕ’ ಎಂಬ ಹೆಸರು ಕೊಟ್ಟಾಗಿತ್ತು. ಮೊದಲ ಹೆಸರೇ ಉಳಿಯಿತು.

ಕಂಬದ ಮರ ಮೂಲತಃ ದಕ್ಷಿಣ ಭಾರತ, ಶ್ರೀಲಂಕಾಗಳದ್ದು. ಜನ ನೆಟ್ಟು ನೆಟ್ಟು ಈಗ ಎಷ್ಟೋ ಬಿಸಿಲ ನಾಡುಗಳಲ್ಲಿದೆ. ಅಶೋಕಕ್ಕೆ ನೆರಳು, ತೇವ ಬೇಕು; ಪಶ್ಚಿಮ ಘಟ್ಟದಲ್ಲಿ ಹೊಳೆಬದಿಯ ಕಾಡೇ ಅದರ ಮನೆ. ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅದು ‘ವಲ್ನರಬಲ್’, ಅಂದರೆ ಅಳಿವಿನ ಭಯವಿರುವ ಮರ. ಔಷಧಿಗೆಂದು ತೊಗಟೆ ಸುಲಿಯುವುದು ಇದಕ್ಕೊಂದು ದೊಡ್ಡ ಕಾರಣ. ಮರದ ಸುತ್ತ ತೊಗಟೆ ಸುಲಿದರೆ ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿ ಕಡಿದು, ಬೇರು ಹಸಿದು ಮರ ಸಾಯುತ್ತದೆ. ಅಶೋಕ ಸಿಗದಾದಾಗ ಅದೇ ಹೆಸರಲ್ಲಿ ಕಂಬದ ಮರದ ತೊಗಟೆಯನ್ನೂ ಬೆರೆಸಿ ಮಾರುತ್ತಾರೆ. ಒಣಗಿ ಪುಡಿಯಾದ ಮೇಲೆ ಕಣ್ಣಿಗೆ ಗುರುತು ಹತ್ತುವುದಿಲ್ಲ. ಈಗ ಡಿಎನ್‌ಎ ಪರೀಕ್ಷೆಯಲ್ಲಿ ಅದನ್ನು ಹಿಡಿಯುತ್ತಾರೆ.