ಮೂರು ಔಷಧಿ ಬರೆದಿದ್ದಾರೆ, ಎರಡರಲ್ಲೇ ಮುಗಿಸಬಹುದಾ?

ಹೊಸನಗರ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಅಪ್ಪಯ್ಯನಿಗೆ ಮೈಲೋಮ. ಬೆಂಗಳೂರಲ್ಲಿ ಮೂರು ಔಷಧಿ ಬರೆದರು. ಪ್ರತಿ ವಾರ ಇಂಜೆಕ್ಷನ್‌ಗೆ ಓಡಾಡೋಕೆ ಆಗ್ತಿಲ್ಲ. ಮಾತ್ರೆಗಳಲ್ಲೇ ಮುಂದುವರಿಸಿದರೆ ಸಾಕಾಗಲ್ವಾ? ಇದೇ ಕಾಯಿಲೆಯ ನಮ್ಮ ನೆಂಟರಿಗೆ ಅಲ್ಲಿ ನಾಲ್ಕು ಕೊಡ್ತಿದ್ದಾರಂತೆ."

ನೀವಾಗಿಯೇ ಬಿಡಬೇಡಿ. ಬಿಡಬೇಕಾದರೆ ಡಾಕ್ಟರೇ ಬಿಡಿಸಲಿ.

ಮೈಲೋಮ ಅಂದರೆ ಮೂಳೆಯ ಮಜ್ಜೆಯಲ್ಲಿರುವ ಪ್ಲಾಸ್ಮಾ ಕಣಗಳ (ಒಂದು ಬಗೆಯ ಬಿಳಿ ರಕ್ತಕಣ) ಕ್ಯಾನ್ಸರ್. ಬೋರ್ಟೆಜೊಮಿಬ್ ಇಂಜೆಕ್ಷನ್ ಆ ಕಣದೊಳಗೆ ಕಸ ಹೊರಹೋಗದಂತೆ ಮಾಡುತ್ತದೆ. ಕಸ ತುಂಬಿ ಕಣ ಸಾಯುತ್ತದೆ. ಲೆನಾಲಿಡೊಮೈಡ್ ಕ್ಯಾಪ್ಸೂಲ್‌ನದು ಬೇರೆ ದಾರಿ, ಅದು ಮೈಯ ರೋಗನಿರೋಧಕ ಕಣಗಳನ್ನೂ ಎಬ್ಬಿಸುತ್ತದೆ. ಡೆಕ್ಸಾಮೆಥಾಸೋನ್ ಸ್ಟೆರಾಯ್ಡ್ ಇವೆರಡಕ್ಕೂ ಬಲ. ಒಂದರಿಂದ ತಪ್ಪಿಸಿಕೊಂಡಿದ್ದು ಇನ್ನೊಂದಕ್ಕೆ ಸಿಗಲಿ ಅನ್ನೋದು ಲೆಕ್ಕ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೂರೂ ತಗೊಂಡವರಿಗೆ ಕಾಯಿಲೆ ಹತೋಟಿಯಲ್ಲಿದ್ದುದು ಮೀಡಿಯನ್ ಲೆಕ್ಕದಲ್ಲಿ, ಅಂದರೆ ಅರ್ಧದಷ್ಟು ಜನರಿಗೆ ಕನಿಷ್ಠ, 43 ತಿಂಗಳು. ಇಂಜೆಕ್ಷನ್ ಇಲ್ಲದವರಿಗೆ 30.

ನೆಂಟರ ನಾಲ್ಕನೆಯದು ಬಹುಶಃ ಡಾರಾಟುಮುಮ್ಯಾಬ್ ಅನ್ನೋ ಇಂಜೆಕ್ಷನ್. 2025ರ ಕೇಂದ್ರ ಬಜೆಟ್‌ನಲ್ಲಿ ಅದರ ಆಮದು ಸುಂಕ ಪೂರ್ತಿ ತೆಗೆದರು. ಆದರೂ ತೋಟದ ಆದಾಯ ನಂಬಿದವರ ಕೈಗೆ ಎಟಕುವ ಬೆಲೆಯಲ್ಲ. ಅದು ದುಡ್ಡಿನ ತಾರತಮ್ಯ, ನೇರವಾಗಿ ಹೇಳಿಬಿಡೋಣ.

ನಿಮ್ಮ ಮೂರರ ಕಥೆ ಹಾಗಲ್ಲ. ಮೂರಕ್ಕೂ ನಮ್ಮಲ್ಲೇ ತಯಾರಾಗುವ ಜೆನೆರಿಕ್ ಇದೆ. ಲೆನಾಲಿಡೊಮೈಡ್ 2022ರಲ್ಲಿ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು. ಮಲೆನಾಡಲ್ಲಿ ತಪ್ಪಿಹೋಗೋದು ಇಂಜೆಕ್ಷನ್, ಕಾರಣ ದಾರಿ. ನಮ್ಮ ಚಿಕ್ಕಪ್ಪನ ಜೊತೆ ಒಂದು ಮಳೆಗಾಲ ಓಡಾಡಿದ್ದೇನೆ. ಬೆಳಗಿನ ಮೊದಲ ಬಸ್ಸು. ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ರಿಪೋರ್ಟಿಗೆ ಕಾಯೋದು. ರಕ್ತಕಣಗಳ ಕೌಂಟ್ ನೋಡಿ ಡಾಕ್ಟರ್ ಸಹಿ ಹಾಕಿದ ಮೇಲೆ ಔಷಧಿ ಕಲಸೋದು. ಕೊನೆಗೆ ಹೊಟ್ಟೆಯ ಚರ್ಮಕ್ಕೆ ಚುಚ್ಚಿದರೆ ಕೆಲವೇ ಸೆಕೆಂಡು! ಅವರು ಅಂಗಿ ಇಳಿಸುವಷ್ಟರಲ್ಲಿ ಮುಗಿದಿರುತ್ತಿತ್ತು. ಮನೆ ಸೇರುವಾಗ ಕತ್ತಲೆ. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಅವರೇ ಎರಡು ವಾರ ತಪ್ಪಿಸಿದರು. ಯಾರನ್ನು ಬೈಯೋದು?

ಹಾಗಂತ ಎರಡೇ ಔಷಧಿ ಕೊಟ್ಟರೆ ಮೋಸ ಅಂತಲ್ಲ. ತೀರಾ ವಯಸ್ಸಾದವರಿಗೆ, ಪಾದ ಜುಮ್ಮೆನ್ನುವುದು ಜಾಸ್ತಿಯಾದವರಿಗೆ ಡಾಕ್ಟರು ಬೇಕೆಂದೇ ಕಡಿಮೆ ಮಾಡುತ್ತಾರೆ. ಕಿಡ್ನಿ ಸೋತಿದ್ದರೆ ಲೆನಾಲಿಡೊಮೈಡ್ ಪ್ರಮಾಣ ಇಳಿಸಿ ಇಂಜೆಕ್ಷನ್ನನ್ನೇ ನೆಚ್ಚಿಕೊಳ್ಳುವುದೂ ಉಂಟು.

ಮುಂದಿನ ಸಲ ಹೋದಾಗ ಸಂಕೋಚವಿಲ್ಲದೆ ಕೇಳಿ: ರಕ್ತಪರೀಕ್ಷೆಯನ್ನು ಹಿಂದಿನ ದಿನ ಊರ ಹತ್ತಿರವೇ ಮಾಡಿಸಿ ರಿಪೋರ್ಟ್ ಕಳಿಸಬಹುದಾ? ಬೆಂಗಳೂರಿನ ಚೀಟಿ ನೋಡಿ ಶಿವಮೊಗ್ಗದಲ್ಲೇ ಇಂಜೆಕ್ಷನ್ ಕೊಡ್ತಾರಾ? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆದರೆ ನಿಮ್ಮ ಮೂರು ಔಷಧಿ ಒಟ್ಟಿಗೆ ಪ್ಯಾಕೇಜಲ್ಲಿ ಇದೆಯಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರರ ಹತ್ತಿರ ಮೊದಲೇ ಖಚಿತ ಮಾಡಿಕೊಳ್ಳಿ, ಚುಚ್ಚಿಸಿಕೊಂಡ ಮೇಲಲ್ಲ. ಬೆಂಗಳೂರಿಗೇ ಹೋಗಬೇಕಾದರೆ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ. ಅದರ ಫಾರಂಗೆ ಆಸ್ಪತ್ರೆಯಲ್ಲೇ ಸಹಿ ಮಾಡಿಸಬೇಕು. ಚಿಕ್ಕಪ್ಪನಿಗೆ ಇದು ಗೊತ್ತಾಗಿದ್ದು ಆರನೇ ಸಲ ಹೋದಾಗ.